ಅರ್ಜೆಂಟ್ ಮಾಮಾನ ಕೆಂಪು ಶಾಯಿ

ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಶಬ್ದಗಳಿವೆಯಂತೆ. ಇರಲಿ ಬಿಡಿ, ಬೇಡ ಅಂದವರಾರು! ನಮ್ಮ ಮಾಮಾನಿಗೆ ಅವುಗಳಲ್ಲಿ ಒಂದೇ ಒಂದು ಸಾಕಾಗಿತ್ತು. ಆ ಒಂದೇ ಶಬ್ದದ ಮೇಲೆ ಅವನು ಕಚೇರಿ ನಡೆಸಿದ, ಸಂಸಾರ ನಡೆಸಿದ, ಎಮ್ಮೆ ಸಾಕಿದ, ಕೊನೆಗೆ ನನ್ನ ಮದುವೆಯ ಮುಹೂರ್ತವನ್ನೂ ಅಲುಗಾಡಿಸಿದ. ಆ ಶಬ್ದ 'ಅರ್ಜೆಂಟ್'.

ಮಾಮಾ ಅಂದರೆ ನಮ್ಮ ಅವ್ವನ ಒಬ್ಬನೇ ತಮ್ಮ. ಹುನಗುಂದದ ಒಂದು ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತ. ನಾವಿದ್ದದ್ದು ಬಾಗಲಕೋಟೆಯಲ್ಲಿ, ಈಗ ಹಿನ್ನೀರು ನಿಂತಿರುವ ಹಳೇ ಊರಿನ ಒಂದು ಓಣಿಯಲ್ಲಿ. ನಡುವೆ ಎರಡು ತಾಸಿನ ಬಸ್ಸಿನ ದಾರಿ. ಎಪ್ಪತ್ತರ ದಶಕ. ನಮ್ಮಂಥವರ ಮನೆಯಲ್ಲಿ ಫೋನು ಎಲ್ಲಿಂದ ಬರಬೇಕು? ಅಕ್ಕನಿಗೂ ತಮ್ಮನಿಗೂ ಇದ್ದ ಸಂಪರ್ಕವೆಲ್ಲ ಒಂದು ಪೋಸ್ಟ್ ಕಾರ್ಡಿನ ಅಗಲದ್ದು.

ಅರ್ಜೆಂಟ್ ಮಾಮಾ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಒಬ್ಬ ಬೆವರು ಒರೆಸಿಕೊಳ್ಳುತ್ತ ಓಡುವ ಮನುಷ್ಯ ಬಂದಿರಬೇಕು. ತಪ್ಪು! ನಮ್ಮ ಮಾಮಾನಷ್ಟು ನಿಧಾನದ ಪ್ರಾಣಿಯನ್ನು ನಾನು ಇಂದಿಗೂ ಕಂಡಿಲ್ಲ. ಧೋತರ ಉಡಲಿಕ್ಕೆ ಅವನಿಗೆ ಅರ್ಧ ತಾಸು. ನಿರಿಗೆ ಒಂದು ಬೆರಳು ಆಚೆ ಈಚೆ ಆದರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ. ಚಹಾವನ್ನು ಬಶಿಗೆ ಸುರಿದು, ಅದು ಆರುವವರೆಗೆ ಬಶಿಯೊಳಗೆ ನೋಡುತ್ತ ಕೂರುವವನು. ಒಮ್ಮೆ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸಿನ ಕಂಡಕ್ಟರು ಸೀಟಿ ಊದಿ ಊದಿ ದಣಿದ. ಮಾಮಾನ ಬಶಿಯಲ್ಲಿ ಇನ್ನೂ ಎರಡು ಗುಟುಕು ಇತ್ತು. ಬಸ್ಸು ಹೋಯಿತು.

"ಮಾಮಾ, ಬಸ್ ಹೋತಲ್ಲೋ!" ಅಂತ ನಾನು ಅಳುವುದೊಂದು ಬಾಕಿ.

"ಹೋಗವಲ್ದ್ಯಾಕ? ಮುಂದಿನ ಬಸ್ಸು ಬರತೈತಿ. ಚಾ ಆರಿದ್ರ ತಿರುಗಿ ಬಿಸಿಯಾಗಿ ಬರತೈತೇನು?"

ಹಾಗಾದರೆ ಅರ್ಜೆಂಟ್ ಅಂದರೇನು? ನಾನು ಏಳನೇ ಇಯತ್ತೆಯಲ್ಲಿದ್ದಾಗ ಇದನ್ನೇ ಅವನಿಗೆ ಕೇಳಿದೆ. ನಮ್ಮ ಮಾಸ್ತರು 'ಅರ್ಜೆಂಟ್ ಅಂದರೆ ಅವಸರ' ಅಂತ ಬರೆಸಿದ್ದರು. ಮಾಮಾ ತಲೆ ಅಲ್ಲಾಡಿಸಿದ.

"ನಿಮ್ಮ ಮಾಸ್ತರಿಗೆ ತಿಳದಿಲ್ಲ. ಅವಸರ ಅಂದ್ರ ನಾವು ಓಡೂದು. ಅರ್ಜೆಂಟ್ ಅಂದ್ರ ಮಂದಿ ಓಡೂದು, ನಾವು ಕುಂತಲ್ಲೇ ಇರೂದು. ಎರಡಕ್ಕೂ ಭಾಳ ಫರಕ್ ಐತಿ."

ನಾನು ಜಾಣಳಲ್ಲವೇ? ಅದನ್ನೇ ಪರೀಕ್ಷೆಯಲ್ಲಿ ಬರೆದೆ. ಮಾಸ್ತರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಎರಡು ವರ್ಷ ಬಿಟ್ಟು ಅದೇ ಮಾಸ್ತರು ತಮ್ಮದೊಂದು ಅರ್ಜಿ ಹಿಡಿದುಕೊಂಡು ಹುನಗುಂದಕ್ಕೆ ಹೋಗಿ ಮಾಮಾನ ಟೇಬಲ್ಲಿನ ಮುಂದೆ ಒಂದು ತಾಸು ನಿಂತಿದ್ದರಂತೆ. ಅದರ ಮೇಲೆ ಅವರಿಗೊಂದು ಕೆಂಪು ಶಿಕ್ಕಾ ಬೇಕಾಗಿತ್ತು!

ಆ ಕೆಂಪು ಶಿಕ್ಕಾದ ಕತೆ ಹೇಳಲೇಬೇಕು. ಕಚೇರಿಗೆ ಬರುವ ಕಾಗದಗಳಲ್ಲಿ ಅವಸರದವು ಯಾವವೋ ಅವುಗಳ ಮೇಲೆ ಹೊಡೆಯಲೆಂದು ಒಂದು ರಬ್ಬರಿನ ಶಿಕ್ಕಾ ಇತ್ತು. ಕಟ್ಟಿಗೆಯ ಹಿಡಿಕೆ, ಕೆಂಪು ಶಾಯಿಯ ಡಬ್ಬಿ. ಮಾಮಾ ಆ ಕುರ್ಚಿಗೆ ಬಂದ ಮೇಲೆ ಒಂದು ಸತ್ಯ ಕಂಡುಕೊಂಡ. ಶಿಕ್ಕಾ ಇದ್ದ ಕಾಗದ ಮುಂದೆ ಹೋಗುತ್ತದೆ, ಇಲ್ಲದ್ದು ಅಲ್ಲೇ ಮುದಿಯಾಗುತ್ತದೆ. ಸರಿ, ಮುದಿಯಾಗಲಿಕ್ಕೆ ಅದೇನು ಪಾಪ ಮಾಡಿದೆ? ಮಾಮಾ ಎಲ್ಲದರ ಮೇಲೂ ಹೊಡೆಯತೊಡಗಿದ. ಹೊಲದ ತಕರಾರು, ಬಾವಿಯ ತಕರಾರು, ಕಚೇರಿಯ ಗಡಿಯಾರ ನಿಂತಿದೆ ಎಂಬ ವರದಿ, ಎಲ್ಲದಕ್ಕೂ ಢಬ್ ಢಬ್! ಹೊಸದಾಗಿ ಬಂದ ಸಾಹೇಬರೊಬ್ಬರು ಕೆಂಪಾದ ಕಾಗದದ ರಾಶಿ ನೋಡಿ ತಾವೂ ಕೆಂಪಾದರು.

"ಏನ್ರೀ ಇದು! ಎಲ್ಲಾನೂ ಅರ್ಜೆಂಟ್ ಅಂದ್ರ ಅರ್ಜೆಂಟ್ ಅಲ್ಲದ್ದು ಯಾವುದ್ರೀ?"

"ಅದನ್ನ ಹುಡುಕಾಕ ವ್ಯಾಳ್ಯಾ ಸಿಕ್ಕಿಲ್ರೀ ಸಾಹೇಬ್ರ" ಅಂದ ಮಾಮಾ, ತಣ್ಣಗೆ.

ಸಾಹೇಬರು ಶಿಕ್ಕಾವನ್ನು ತಮ್ಮ ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದರು. ಮಾಮಾ ಮರುದಿನದಿಂದ ಕೆಂಪು ಶಾಯಿಯ ಪೆನ್ನು ತಂದು ಕೈಯಿಂದಲೇ ಬರೆಯತೊಡಗಿದ. ಮುತ್ತಿನಂಥ ಅಕ್ಷರ, ಶಿಕ್ಕಾಕ್ಕಿಂತ ಚಂದ.

ಮನೆಯಲ್ಲಿ ಮಾತ್ರ ಈ ಶಬ್ದ ನಡೆಯುತ್ತಿರಲಿಲ್ಲ. ಮಾಮಾನ ಹೆಂಡತಿ, ಅಂದರೆ ನಮ್ಮ ಅತ್ತಿ, ಅಪರೂಪದ ಹೆಣ್ಣುಮಗಳು. ಇವನು ತಾಟಿನ ಮುಂದೆ ಕೂತು "ಅರ್ಜೆಂಟ್ ರೊಟ್ಟಿ" ಅಂದರೆ ಆಕೆ ಹಿಟ್ಟು ನಾದುತ್ತಲೇ, "ಹಂಚು ಕಾಯ್ಬೇಕಲ್ರಿ. ಅದಕ್ಕ ಇಂಗ್ಲಿಷ್ ಬರೂದಿಲ್ಲ" ಅನ್ನುತ್ತಿದ್ದಳು. ಮಾಮಾ ಸುಮ್ಮನೆ ಉಳ್ಳಾಗಡ್ಡಿ ಕಡಿಯುತ್ತ ಕೂಡುತ್ತಿದ್ದ.

ಈಗ ಕಾರ್ಡಿಗೆ ಬರೋಣ. ನಮ್ಮ ಕಡೆ ಕಾರ್ಡನ್ನು ಓದುವ ಮೊದಲೇ ಅದು ಏನು ಹೇಳುತ್ತದೆಂದು ಗೊತ್ತಾಗುತ್ತಿತ್ತು. ಮೂಲೆಗೆ ಅರಿಷಿಣ ಹಚ್ಚಿದ್ದರೆ ಮದುವೆ. ಮೂಲೆ ಹರಿದಿದ್ದರೆ ಸಾವು. ಕೆಂಪು ಶಾಯಿಗೆ ಯಾರೂ ಯಾವ ಅರ್ಥವನ್ನೂ ಕೊಟ್ಟಿರಲಿಲ್ಲ. ಹೀಗೆ ಖಾಲಿ ಬಿದ್ದದ್ದನ್ನು ಮಾಮಾ ಬಿಡುತ್ತಾನೆಯೇ?

ಮೊದಲ ಕೆಂಪು ಕಾರ್ಡು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಆಗಿನ ಪೋಸ್ಟ್‌ಮನ್‌ಗಳು ಕಾರ್ಡನ್ನು ಓದಿಯೇ ಕೊಡುತ್ತಿದ್ದರು. ನಮ್ಮವನು ಮೊದಲ ಸಾಲು ನೋಡಿ ಗಾಬರಿಯಾಗಿ, ಮುಂದಿನದನ್ನು ಓದುವ ಧೈರ್ಯವಿಲ್ಲದೆ, ಓಣಿಯ ತುದಿಯಿಂದಲೇ ಕೂಗಿದ: "ಅಕ್ಕಾರ! ಹುನಗುಂದದಿಂದ ಅರ್ಜೆಂಟ್ ಬಂದೈತ್ರೀ!"

ಅವ್ವ ಅಲ್ಲೇ ಹೊಸ್ತಿಲ ಮೇಲೆ ಕುಸಿದಳು. "ಅಯ್ಯ ನನ್ನ ತಮ್ಮಾ!" ಅಂತ ಶುರುವಾದ ಅಳು ಓಣಿಯ ಕೊನೆಯ ಮನೆಗೂ ಮುಟ್ಟಿತು. ಒಬ್ಬರು ನೀರು ತಂದರು, ಒಬ್ಬರು ನಮ್ಮ ಒಲೆಯ ಮೇಲಿನ ಅನ್ನ ಇಳಿಸಿದರು, ಮತ್ತೊಬ್ಬರು ಹುನಗುಂದಕ್ಕೆ ಯಾರ್ಯಾರು ಹೋಗಬೇಕೆಂದು ಎಣಿಸತೊಡಗಿದರು. ಆಗ ಅಪ್ಪ ಬಂದು ಕಾರ್ಡು ಕಸಿದುಕೊಂಡು ಗಟ್ಟಿಯಾಗಿ ಓದಿದ:

"ಅರ್ಜೆಂಟ್. ನಮ್ಮ ಎಮ್ಮೆ ನಿನ್ನೆ ಈದಿದೆ. ಹೆಣ್ಣುಗರು. ಗಿಣ್ಣ ತಯಾರಿದೆ. ತಾವೆಲ್ಲರೂ ಕೂಡಲೇ ಬರತಕ್ಕದ್ದು."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಅಳುವ ದನಿಯಲ್ಲೇ ಕೇಳಿದಳು: "ಮೊದಲನೇ ದಿನದ ಗಿಣ್ಣಂತೇನು?"

ಮುಂದಿನ ವಾರ ಮಾಮಾ ಬಂದಾಗ ಅಪ್ಪ ಬಾಯಿಗೆ ಬಂದಂತೆ ಬೈದ. ಮಾಮಾ ಬಶಿಯಿಂದ ಕಣ್ಣೆತ್ತಲಿಲ್ಲ. "ಗಿಣ್ಣ ಕೆಡೂದಿಲ್ಲೇನ್ರಿ ಮಾವಾರ? ಕೆಡೂ ವಸ್ತುಕ್ಕ ಅರ್ಜೆಂಟ್ ಅನ್ನದ, ಮತ್ಯಾತಕ್ಕ ಅನ್ಬೇಕು?" ಅಪ್ಪ ಅಂದೇ ಇದಕ್ಕೊಂದು ಉತ್ತರ ಕೊಟ್ಟಿದ್ದರೆ ನನ್ನ ಬಾಲ್ಯ ಸ್ವಲ್ಪ ಶಾಂತವಾಗಿರುತ್ತಿತ್ತು.

ಅಲ್ಲಿಂದ ಶುರು. 'ಅರ್ಜೆಂಟ್. ರಾಮಥಾಳದ ಕಡೆ ಮಳೆಯಾಗಿದೆ.' 'ಅರ್ಜೆಂಟ್. ಎಮ್ಮೆಯ ಕರುವಿಗೆ ಹೆಸರು ಸೂಚಿಸತಕ್ಕದ್ದು.' 'ಅರ್ಜೆಂಟ್. ಇಲ್ಲಿ ವಿಶೇಷ ಏನೂ ಇಲ್ಲ.' ದೇಶದಲ್ಲಿ ಎಮರ್ಜೆನ್ಸಿ ಬಂದಾಗ ಅಪ್ಪ ಪೇಪರು ಮಡಚಿಟ್ಟು, "ದಿಲ್ಲಿ ಮಂದಿಗೂ ನಿನ್ನ ತಮ್ಮನ ಕಾರ್ಡ್ ಹೋಗಿರಬೇಕು ನೋಡು" ಅಂದ. ಬಂದ ಕಾರ್ಡುಗಳನ್ನೆಲ್ಲ ಅಪ್ಪ ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದ. ಚುಚ್ಚುವಾಗಲೆಲ್ಲ ಒಂದೇ ಮಾತು: "ಇದು ಚಲೋ ಅಲ್ಲ. ಒಂದಿನ ಖರೇನ ಅರ್ಜೆಂಟ್ ಇರತೈತಿ, ಅವತ್ತು ನಾವು ಯಾರೂ ಕುಂತಲ್ಲಿಂದ ಏಳೂದಿಲ್ಲ."

ನಾನು ನಕ್ಕೆ. ಅವ್ವ ನಗಲಿಲ್ಲ. ಅಪ್ಪ ಆಚೆ ಹೋದ ಮೇಲೆ ರೊಟ್ಟಿ ತಟ್ಟುತ್ತ ತಟ್ಟುತ್ತ, ನನ್ನ ಮುಖ ನೋಡದೆ, ಹೇಳಿದಳು.

ಅವರಿಬ್ಬರ ತವರು ಬಾದಾಮಿಯ ಹತ್ತಿರದ ಚೊಳಚಗುಡ್ಡ. ನಮ್ಮ ಆಯಿ, ಅವ್ವನ ತಾಯಿ, ಬನಶಂಕರಿಯ ಗುಡಿಗೆ ಬಂದ ಮಂದಿಗೆ ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಖಾರ, ಮೊಸರು ಹೊತ್ತುಕೊಂಡು ಹೋಗಿ ಊಟ ಹಾಕುತ್ತಿದ್ದವಳು. ಆಕೆ ಹಾಸಿಗೆ ಹಿಡಿದಾಗ ಮಾಮಾ ಇನ್ನೂ ನೌಕರಿಗೆ ಸೇರಿರಲಿಲ್ಲ. ನಾನು ತೊಟ್ಟಿಲಲ್ಲಿದ್ದೆ. ಅವನೇ ಅಕ್ಕನಿಗೆ ಒಂದು ಕಾರ್ಡು ಬರೆದ.

"ಏನಂತ ಬರದಿದ್ದ ಗೊತ್ತೇನು? 'ಅವ್ವಗ ಸ್ವಲ್ಪ ಆರಾಮಿಲ್ಲ. ಅವಸರ ಏನಿಲ್ಲ. ಆದಾಗ ಬರ್ರಿ.' ಹಸುಗೂಸು ಕಟಗೊಂಡು ಅಂಜಿಕೊಂಡು ಓಡಿ ಬರ್ತಾಳಂತ, ನನ್ನ ಮ್ಯಾಲಿನ ಅಂತಃಕರಣಕ್ಕ ಹಂಗ ಬರದಿದ್ದ. ಕಾರ್ಡ ಬರಾಕ ನಾಕ ದಿನ. ಅವಸರ ಇಲ್ಲಂದಾನಲ್ಲಂತ ನಾ ಮತ್ತೆರಡ ದಿನ. ನಾ ಹೋಗೂದ್ರಾಗ ಮಣ್ಣು ಮಾಡಿ ಬಂದಿದ್ರು. ಅವ್ವನ ಮಾರಿ ನೋಡಾಕ ಸಿಗಲಿಲ್ಲ ನನಗ. ಅವ ಅಂಗಳದಾಗ ಗ್ವಾಡಿ ಕಡೆ ಮುಖಾ ಮಾಡಿ ನಿಂತಿದ್ದ. ನಾ ಒಂದ ಮಾತ ಅನ್ಲಿಲ್ಲವ್ವ. ಆದ್ರ ಅವತ್ತಿನಿಂದ ಅವ 'ಅವಸರ ಏನಿಲ್ಲ' ಅನ್ನೂದ ಬಿಟ್ಟಬಿಟ್ಟಾನ."

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅವ್ವ ಅದನ್ನು ತೆಗೆದು ತನ್ನ ತಾಟಿಗೆ ಹಾಕಿಕೊಂಡಳು. ನನಗೆ ನಾಚಿಕೆಯಾಯಿತು. ಇನ್ನು ಮಾಮಾನ ಕಾರ್ಡಿಗೆ ನಗಬಾರದು ಅಂತ ಆಣೆ ಮಾಡಿಕೊಂಡೆ. ಎಂಟು ದಿನ ನಡೆಸಿದೆ ಕೂಡ. ಒಂಬತ್ತನೆಯ ದಿನ ಕಾರ್ಡು ಬಂತು: 'ಅರ್ಜೆಂಟ್. ಹಿಂದಿನ ಅರ್ಜೆಂಟ್ ಕಾರ್ಡು ಮುಟ್ಟಿತೋ ಇಲ್ಲವೋ ಅರ್ಜೆಂಟ್ ತಿಳಿಸತಕ್ಕದ್ದು.' ನೀವೇ ಹೇಳಿ, ಮನುಷ್ಯಳಾದವಳು ಎಷ್ಟಂತ ತಡೆದುಕೊಳ್ಳಬೇಕು?

ಎಂಬತ್ತರ ದಶಕದ ಸುರುವಿಗೆ ನನ್ನ ಮದುವೆ ಗೊತ್ತಾಯಿತು. ಸೋದರಮಾವನ ಕಡೆಯ ಸೀರೆ ಅಂದರೆ ಇಳಕಲ್ಲಿನದೇ ಆಗಬೇಕು, ಅದೂ ಮಗ್ಗದ ಮುಂದೆ ನಿಂತು ನೇಯಿಸಿದ್ದಾಗಬೇಕು ಅಂತ ಮಾಮಾ ಹಟ ಹಿಡಿದ. ಹುನಗುಂದದಿಂದ ಇಳಕಲ್ ಎಷ್ಟು ದೂರ? ವಾರಕ್ಕೊಮ್ಮೆ ಹೋಗುತ್ತಿದ್ದ, ಮುದುಕ ನೇಕಾರರೊಬ್ಬರ ಕಟ್ಟೆಯ ಮೇಲೆ ಕೂತು ನಾಲ್ಕು ಸಲ 'ಅರ್ಜೆಂಟ್' ಅಂದು ಬರುತ್ತಿದ್ದ. ಆ ನೇಕಾರರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಅರವತ್ತು ವರ್ಷ ಕಳೆದವರು. ತಲೆ ಎತ್ತದೆ, "ಹೌದ್ರಿ. ಎಲ್ಲಾರದೂ ಅರ್ಜೆಂಟ್ ಐತ್ರಿ" ಅನ್ನುತ್ತಿದ್ದರು.

ಇಳಕಲ್ ಸೀರೆಯ ಗುಟ್ಟು ಇರುವುದು ಸೆರಗಿನಲ್ಲಿ. ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಅವೆರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಸೇರಿಸಬೇಕು. ಸಾವಿರಗಟ್ಟಲೆ ಎಳೆ! ಮದುವೆ ಮೂರು ದಿನ ಇದೆ ಅನ್ನುವಾಗ ಮಾಮಾ ಹೋದರೆ ಇನ್ನೂ ಕೊಂಡಿಯ ಕೆಲಸವೇ ನಡೆದಿತ್ತು. ಇವನು ತನ್ನ ಶಬ್ದ ಬಿಚ್ಚಿದ. ನೇಕಾರರು ಮೊದಲ ಸಲ ತಲೆ ಎತ್ತಿ ನೋಡಿದರು.

"ಅರ್ಜೆಂಟ್ ಇದ್ರ ಬರ್ರಿ, ಕುಂಡರ್ರಿ. ಈ ಕಡಿಂದ ನೀವ್ ಕೊಂಡಿ ಹಾಕ್ರಿ, ಆ ಕಡಿಂದ ನಾ ಹಾಕತೇನಿ."

ಮಾಮಾ ಕುಂತ! ಜೀವನದಲ್ಲಿ ಮೊದಲ ಸಲ ಅವನಿಗೆ ತನ್ನ ವೇಗದ ಕೆಲಸ ಸಿಕ್ಕಿತ್ತು. ಒಂದು ಎಳೆ, ಒಂದು ಕೊಂಡಿ, ಮತ್ತೊಂದು ಎಳೆ. ಕಚೇರಿ ಮರೆತ, ಚಹಾ ಮರೆತ, ಮದುವೆಯನ್ನೂ ಮರೆತ ಅಂತ ನನಗೆ ಗುಮಾನಿ.

ಇತ್ತ ಬಾಗಲಕೋಟೆಯಲ್ಲಿ ನಾನು ಬೇರೊಂದು ಸೀರೆ ಉಟ್ಟು ಹಂದರದಲ್ಲಿ ಕೂತಿದ್ದೆ. ಮದುವೆ ಮಾಡಿಸುವ ಅಯ್ಯನವರು ಎರಡು ಸಲ ಅಕ್ಷತೆಯ ಅಕ್ಕಿಕಾಳು ಹಂಚಿಸಿದರು, ಅವ್ವ ಎರಡು ಸಲ "ನನ್ನ ತಮ್ಮ ಬರ್ಲಿ ತಡೀರಿ" ಅಂದಳು, ಎರಡು ಸಲ ಕಾಳು ವಾಪಸು ಇಸಿದುಕೊಂಡದ್ದಾಯಿತು. ಬೀಗರ ಮುಖ ಬಿಗಿಯಾಯಿತು. ಅಪ್ಪ ಗಡಿಯಾರ ನೋಡುತ್ತ, "ಊರಿಗೆಲ್ಲಾ ಅರ್ಜೆಂಟ್ ಅರ್ಜೆಂಟ್ ಅಂತಿದ್ದ, ಇವತ್ತ ಎಲ್ಲಿ ಸತ್ತ ಇಂವ!" ಅಂತ ಹಲ್ಲು ಕಡಿದ. ಆಗ ಹಂದರದ ಬಾಗಿಲಲ್ಲಿ ಮಾಮಾ ಕಂಡ. ಎದೆಗೆ ಅವಚಿಕೊಂಡ ಗಂಟು. ಓಡುತ್ತಿದ್ದನೇ? ಛೇ! ಬಸವಣ್ಣನ ಗುಡಿಗೆ ಬರುವವರ ಹಾಗೆ ಸಾವಕಾಶ ಬರುತ್ತಿದ್ದ.

"ಮುಹೂರ್ತ ಮೀರತೈತಿ!" ಅಂತ ನಾಲ್ಕು ಕಡೆಯಿಂದ ಕೂಗಿದರು.

"ಮುಹೂರ್ತ ಒಂದ ಗಳಿಗಿದು. ಸೀರಿ ಮೂವತ್ತ ವರ್ಷದ್ದು. ಯಾವುದು ಅರ್ಜೆಂಟ್, ನೀವ ಹೇಳ್ರಿ" ಅಂದ.

ಮೂವತ್ತಲ್ಲ, ಅದಕ್ಕಿಂತ ಹೆಚ್ಚೇ ಬಾಳಿತು ಆ ಸೀರೆ. ಸೆರಗು ಸೇರುವಲ್ಲಿ ಒಂದು ಮಗ್ಗುಲಿಗೆ ಸಣ್ಣ ಸಣ್ಣ ಗಂಟುಗಳು ಕೈಗೆ ಹತ್ತುತ್ತವೆ. ಇಳಕಲ್ಲಿನ ನೇಕಾರರು ಹಾಗೆ ಗಂಟು ಬಿಡುವವರಲ್ಲ. ಅದು ಮಾಮಾ ಕೂತ ಮಗ್ಗುಲು.

ಮದುವೆಯಾಗಿ ಕೆಲವು ವರ್ಷಗಳ ಮೇಲೆ ನಾಗರ ಪಂಚಮಿಗೆಂದು ನಾನು ತವರಿಗೆ ಬಂದಿದ್ದೆ. ಪಂಚಮಿ ಅಂದರೆ ನಮ್ಮ ಕಡೆ ಅಣ್ಣತಮ್ಮಂದಿರ ಹಬ್ಬ. ತವರಿಂದ ಕರೆ ಬಂದರೇ ಹೆಣ್ಣುಮಕ್ಕಳಿಗೆ ಹಬ್ಬ. ಅವ್ವನಿಗೆ ಪ್ರತಿ ವರ್ಷವೂ ಕೆಂಪು ಅಕ್ಷರದ ಆಜ್ಞೆ ಬರುತ್ತಿತ್ತು: 'ಅರ್ಜೆಂಟ್. ಉಂಡಿ ಕಟ್ಟಿದ್ದೇವೆ. ಜೋಕಾಲಿ ಹಾಕಿದ್ದೇವೆ. ಬರತಕ್ಕದ್ದು.' ಅವ್ವನಿಗೆ ಜೋಕಾಲಿ ಆಡುವ ವಯಸ್ಸು ಮುಗಿದು ಎಷ್ಟೋ ಕಾಲವಾಗಿತ್ತು. ಅವನಿಗೆ ಅದು ಗೊತ್ತಾಗಿರಲಿಲ್ಲ.

ಆ ವರ್ಷವೂ ಕಾರ್ಡು ಬಂತು. ಅವ್ವ ಎಳ್ಳುಂಡಿ ಕಟ್ಟುತ್ತಿದ್ದಳು. ಅಪ್ಪ ಓದಿ ಖುಷಿಯಾದ.

"ಏನ ಕೇಳ್ತಿ, ನಿನ್ನ ತಮ್ಮ ಶಾಣ್ಯಾ ಆಗ್ಯಾನ! ಕೇಳಿಲ್ಲಿ. 'ಇಲ್ಲಿ ಎಲ್ಲ ಕ್ಷೇಮ. ಈ ಸಲ ಪಂಚಮಿಗೆ ಅವಸರ ಏನಿಲ್ಲ. ಆದಾಗ ಬರ್ರಿ.'"

ಅಪ್ಪ ಅದನ್ನು ತಂತಿಗೆ ಚುಚ್ಚಲು ಹೊರಟಿದ್ದ. ಅವ್ವ ಬೆಲ್ಲದ ಕೈಯಿಂದಲೇ ಕಸಿದುಕೊಂಡಳು. ಆಕೆಗೆ ಓದಲು ಬರುತ್ತಿರಲಿಲ್ಲ. ಹಿಂದೆ ಮುಂದೆ ತಿರುವಿ ನೋಡಿದಳು. "ಕೆಂಪ ಎಲ್ಲೈತಿ?" ಅಂದಳು. ಎಲ್ಲೂ ಇರಲಿಲ್ಲ. ಬರೀ ನೀಲಿ, ಸ್ವಲ್ಪ ನಡುಗಿದ ಅಕ್ಷರ.

"ಯಾವತ್ತ ಬರದಾನ?"

"ನಿನ್ನಿ."

"ನಡೀ" ಅಂದಳು ನನಗೆ. ಹೆಗಲ ಮೇಲೆ ಸೆರಗು ಎಳೆದುಕೊಂಡು ಹೊರಟೇಬಿಟ್ಟಳು. ಅಪ್ಪ ಬಾಗಿಲಲ್ಲಿ ನಿಂತು "ಅವಸರ ಇಲ್ಲಂತ ಬರದಾನಲ್ಲ!" ಅಂತ ಕೂಗುತ್ತಲೇ ಇದ್ದ, ಆಮೇಲೆ ಅವನಿಗೂ ಏನೋ ಹೊಳೆದು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹಿಂದೆ ಬಂದ.

ಬಸ್ಸು ಅಮೀನಗಡದಲ್ಲಿ ನಿಂತಿತು. ಡ್ರೈವರು ಇಳಿದು ಚಹಾದ ಅಂಗಡಿಯ ಬೆಂಚಿನ ಮೇಲೆ ಆರಾಮಾಗಿ ಕೂತ. ಪರ ಗಂಡಸರ ಮುಂದೆ ಒಂದು ಮಾತನ್ನೂ ಆಡದ ನಮ್ಮ ಅವ್ವ ಸರಸರ ಇಳಿದು ಹೋಗಿ ಅವನ ಎದುರು ನಿಂತಳು. ನಾನು ನೋಡುತ್ತಲೇ ಇದ್ದೆ. ತಮ್ಮನ ಆ ಶಬ್ದವನ್ನು ಆಕೆ ಅಲ್ಲಿಯವರೆಗೆ ಒಮ್ಮೆಯೂ ತನ್ನ ಬಾಯಿಗೆ ತಂದವಳಲ್ಲ.

"ತಮ್ಮಾ," ಅಂದಳು, "ಅರ್ಜೆಂಟ್ ಐತೋ."

ಆಕೆಯ ಮುಖದಲ್ಲಿ ಅವನು ಏನು ಕಂಡನೋ, ಬಶಿಯನ್ನು ಅಲ್ಲೇ ಇಟ್ಟು ಎದ್ದ.

ಹುನಗುಂದದ ಮನೆಯ ಬಾಗಿಲಲ್ಲಿ ಅತ್ತಿ ಕೂತಿದ್ದಳು. ನಮ್ಮನ್ನು ಕಂಡ ಕೂಡಲೇ ಅಳತೊಡಗಿದಳು. ಐದು ದಿನದಿಂದ ಮಾಮಾನಿಗೆ ಹೊಟ್ಟೆ ನೋವು, ಜ್ವರ. ಇಲ್ಲಿಯ ಡಾಕ್ಟರು ಕೂಡಲೇ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಒಯ್ಯಿರಿ, ಆಪರೇಶನ್ ಆಗಬೇಕು ಅಂದಿದ್ದಾರೆ. ಇವನು 'ಪಂಚಮಿ ಆಗ್ಲಿ, ಅಕ್ಕನ ಹಬ್ಬ ಕೆಡತೈತಿ' ಅಂತ ಮಂಚ ಬಿಟ್ಟು ಏಳವಲ್ಲ. ಊರಿನ ಬಾವಿ, ಹೊಲ, ಎಮ್ಮೆ, ಕರು ಎಲ್ಲ ಅರ್ಜೆಂಟ್. ತಾನೊಬ್ಬ ಅಲ್ಲ!

ಒಳಗೆ ಹೋದೆವು. ಮಾಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವ್ವ ಹತ್ತಿರ ಕೂತು ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅವನು ಕಣ್ಣು ಬಿಟ್ಟ.

"ಯಾಕ ಬಂದಿ ಅಕ್ಕಾ? ಅವಸರ ಏನಿಲ್ಲಂತ ಬರದಿದ್ನಲ್ಲ?"

"ಹಂಗ ಬರದೀಯಂತನ ಓಡಿ ಬಂದ್ನಿ."

ಅವನು ಆಕೆಯ ಮುಖವನ್ನೇ ನೋಡಿದ. ನಾನು ಮಾಮಾನ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

"ಹಂಗಾದ್ರ," ಅಂದ, "ಈ ಸಲ ಕಾರ್ಡ ಮುಟ್ತು."

ಅವ್ವ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ ಹೊರಗೆ ಹೋಗಿ ಯಾರದೋ ಜೀಪು ತಂದು ನಿಲ್ಲಿಸಿದ, ಮತ್ತು ಈ ಸಲ ಮಾಮಾ ನಿರಿಗೆ ಸರಿಮಾಡಿಕೊಳ್ಳದೆಯೇ ಹತ್ತಿದ. ಬಾಗಲಕೋಟೆಯ ಡಾಕ್ಟರು, ಯಾಕ್ರೀ ಇಷ್ಟು ತಡ ಮಾಡಿದ್ರಿ ಅಂತ ನಮ್ಮೆಲ್ಲರನ್ನೂ ಬೈದು ಆಪರೇಶನ್ ಮಾಡಿದರು. ಹದಿನೈದು ದಿನಕ್ಕೆ ಅವನು ಎದ್ದು ಕೂತ, ಚಹಾ ಕೇಳಿದ, ಬಶಿಯೂ ಬೇಕೆಂದ.

ಆಮೇಲೆ ನಾನು ಮತ್ತೆ ತವರಿಗೆ ಹೋದದ್ದು ಚಳಿಗಾಲದಲ್ಲಿ. ಒಂದು ಬೆಳಿಗ್ಗೆ ಪೋಸ್ಟ್‌ಮನ್ ಓಣಿಯ ತುದಿಯಿಂದ ಕೂಗಿದ, "ಅಕ್ಕಾರ, ಕೆಂಪ ಬಂದೈತ್ರೀ!" ಅವ್ವ ಕಾರ್ಡನ್ನು ಇಸಿದುಕೊಂಡು, ಆ ಕೆಂಪು ಅಕ್ಷರದ ಮೇಲೆ ಬೆರಳಾಡಿಸುತ್ತ, ಒಂದು ಸಲ ಕಣ್ಣಿಗೆ ಒತ್ತಿಕೊಂಡಳು. ನಾನು ಓದಿ ಹೇಳಿದೆ. ಎಮ್ಮೆ ಈದಿತ್ತು. ಮತ್ತೆ ಹೆಣ್ಣುಗರು.

ತಂತಿಗೆ ಚುಚ್ಚಲಿ ಅಂತ ಕಾರ್ಡನ್ನು ಅಪ್ಪನ ಕಡೆ ಚಾಚಿದೆ. ಅಪ್ಪ ಆಗಲೇ ಹೊಸ್ತಿಲಾಚೆ ನಿಂತು ಚಪ್ಪಲಿ ಮೆಟ್ಟುತ್ತಿದ್ದ.

"ನಡೀರಿ ಲಗೂ," ಅಂದ, "ಗಿಣ್ಣ ಕೆಡತೈತಿ."